ಮನೆಯೊಳಗಿನ ಮಾತು

ಮರಿಸೆಲ್ ಫಿಲಿಪ್ಪೀನ್ಸಿನವಳು. ಅಲ್ಲಿ ಒಂದು ದೊಡ್ಡ ಸರೋವರದ ದಂಡೆಯ ಊರಿನಲ್ಲಿ, ಮೀನು ಒಣಗಿಸುವ, ಹೊಗೆ ಹಾಕುವ ಹೆಂಗಸರ ನಡುವೆ ಬೆಳೆದವಳು. ಮೀನುಗಾರಿಕೆ ಓದಿ, ತನ್ನ ದೇಶದಲ್ಲೇ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಸೂಳೆಕೆರೆಗೆ ಬಂದಳು. ಕೆರೆಯ ಸುತ್ತಲಿನ ಮೀನುಗಾರ ಹೆಂಗಸರ ಸಂಘದ ಜೊತೆ ಇದ್ದು, ಮೀನು ಕೆಡದಂತೆ ಒಣಗಿಸಿಡುವ ಕೆಲಸವನ್ನು ಹೇಳಿಕೊಡುವುದು ಅವಳ ಜವಾಬ್ದಾರಿ. ಬರುವಾಗ ಅವಳಿಗೆ ಕನ್ನಡ ಅಂತ ಗೊತ್ತಿದ್ದುದು ‘ನಮಸ್ಕಾರ’ ಮತ್ತು ‘ಸಾಕು’ ಅಷ್ಟೇ.

ಚನ್ನಗಿರಿಯಲ್ಲಿ ಸಂಸ್ಥೆಯ ಕೆಲಸ ನೋಡಿಕೊಳ್ಳುತ್ತಿದ್ದ ರೂಪಶ್ರೀ ಅವಳಿಗೆ ಪೇಟೆಯಲ್ಲೇ ಒಂದು ರೂಮು ಹುಡುಕಿಟ್ಟಿದ್ದಳು. ಮರಿಸೆಲ್ ಒಪ್ಪಲಿಲ್ಲ. ಕೆರೆ ಕಾಣದ ಕಡೆ ಕೂತು ಮೀನಿನ ಕೆಲಸ ಮಾಡುವುದು ಹೇಗೆ ಎಂದಳು. ಕೊನೆಗೆ ಕೆರೆಯ ಬದಿಯ ಹಳ್ಳಿಯಲ್ಲಿ ಖಾಜಾಸಾಬ್ ಮತ್ತು ಬಿಸ್ಮಿಲ್ಲಾ ದಂಪತಿಯ ಮನೆಯ ಮುಂದಿನ ಕೋಣೆ ಸಿಕ್ಕಿತು. ಖಾಜಾಸಾಬ್ ಬಲೆ ಹೆಣೆಯುವವನು, ಹರಿದ ಬಲೆ ಸರಿಮಾಡುವವನು. ಬಿಸ್ಮಿಲ್ಲಾ ದಿನಾ ಬೆಳಿಗ್ಗೆ ದಡದಲ್ಲಿ ಮೀನು ಕೊಂಡು ರಸ್ತೆಬದಿಯಲ್ಲಿ ಕೂತು ಮಾರುವವಳು. ಅವರಿಗೆ ರುಹೀನಾ ಒಬ್ಬಳೇ ಮಗಳು. ಪಿಯುಸಿ ಮುಗಿಸಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಸಾಯಂಕಾಲ ಓಣಿಯ ಸಣ್ಣ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಅರಬ್ಬಿ ಅಕ್ಷರ ಹೇಳಿಕೊಡುತ್ತಿದ್ದಳು.

ಮೊದಮೊದಲು ಎಲ್ಲವೂ ಕಷ್ಟವೇ ಆಯಿತು. ಮರಿಸೆಲ್ ತನ್ನ ಊರಿನ ಪದ್ಧತಿಯಂತೆ ಹೊಗೆ ಹಾಕಿದ ಮೀನನ್ನು ಸಂಘದ ಹೆಂಗಸರಿಗೆ ತಿನ್ನಲು ಕೊಟ್ಟಳು. ಸಂಘದ ಹಿರಿಯಳಾದ ಶಿವಗಂಗಮ್ಮ ಅದನ್ನು ಮೂಸಿ ನೋಡಿ, “ಇದು ಸೀದು ಹೋಗೈತಲ್ರೀ” ಎಂದು ಕೆಳಗಿಟ್ಟಳು. ಹೊಗೆ ಹಾಕುವುದನ್ನು ಬಿಟ್ಟು, ಮಣ್ಣು ತಾಗದಂತೆ ಬಿದಿರಿನ ಅಟ್ಟ ಕಟ್ಟಿ ಬಿಸಿಲಿಗೆ ಒಣಗಿಸುವುದು ಎಂದು ತೀರ್ಮಾನವಾಯಿತು. ಅಟ್ಟ ಕಟ್ಟುವುದರಲ್ಲೇ ಮಳೆಗಾಲ ಕಳೆಯಿತು.

ಆದರೆ ಮಾತು ಬೇಗ ಬಂತು. ಖಾಜಾಸಾಬ್‌ನ ಮನೆಯಲ್ಲಿ ತಮ್ಮತಮ್ಮಲ್ಲಿ ಉರ್ದು ಆಡುತ್ತಿದ್ದರು, ಅವಳ ಜೊತೆ ಕನ್ನಡ. ಯಾವುದು ಯಾವ ಭಾಷೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. “ಜಲ್ದಿ ಬರ್ರಿ, ಪಾನಿ ಬಿಸಿ ಐತೆ” ಎಂದು ಸಂಘದಲ್ಲಿ ಹೇಳಿದಾಗ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. “ಮೇಡಂ ಅರ್ಧ ನಮ್ಮ ಮಾತು ಆಡ್ತಾರೆ, ಅರ್ಧ ಬಿಸ್ಮಿಲ್ಲಾನ ಮಾತು” ಎಂದಳು ಶಿವಗಂಗಮ್ಮ. ಆ ನಗು ಮರಿಸೆಲ್‌ಗೆ ಹಿತವಾಯಿತು. ದೂರದ ಊರಿಗೆ ಬಂದವಳಿಗೆ ಜನ ತನ್ನ ಮಾತು ಕೇಳಿ ನಗುವುದು ದೊಡ್ಡ ಆಸರೆ. ದಿನಾ ಒಂದು ಹೊಸ ಮಾತು ಕಲಿತು, ಅದನ್ನು ಎಲ್ಲಾದರೂ ಬಳಸಿ, ಯಾರಾದರೂ ನಗುವುದನ್ನು ಕಾಯುವುದು ಅವಳಿಗೆ ಅಭ್ಯಾಸವಾಯಿತು. ಬಸ್ಸಿನ ಕಂಡಕ್ಟರ್, ಚಹಾದಂಗಡಿಯವನು, ಪಂಚಾಯ್ತಿ ಆಫೀಸಿನವರು, ಎಲ್ಲರೂ “ಎಷ್ಟು ಚೆನ್ನಾಗಿ ಮಾತಾಡ್ತೀರಿ” ಎನ್ನುವವರೇ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ರುಹೀನಾ ಇದ್ದಕ್ಕಿದ್ದಂತೆ ಕುಸಿದು ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ಖಾಜಾಸಾಬ್ ಬೀಗದ ಕೈ ಗೊಂಚಲು ತಂದು ಮಗಳ ಮುಷ್ಟಿಗೆ ತುರುಕಲು ನೋಡಿದ. ಮರಿಸೆಲ್ ಓಡಿ ಬಂದು ಅವಳನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ತನ್ನ ಟವೆಲ್ ಇಟ್ಟಳು. ಸ್ವಲ್ಪ ಹೊತ್ತಿಗೆ ನಿಂತಿತು. ರುಹೀನಾ ಕಣ್ಣು ಬಿಟ್ಟು, ಒದ್ದೆಯಾದ ಬಟ್ಟೆಯನ್ನು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಅವತ್ತು ಬಿಸ್ಮಿಲ್ಲಾ ಮೀನು ಮಾರಲು ಹೋಗಲಿಲ್ಲ. ಮರಿಸೆಲ್‌ಳ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಅವಳ ಕೈ ಹಿಡಿದುಕೊಂಡು ಕೂತಳು.

“ಸಣ್ಣವಳಿದ್ದಾಗಿಂದ ಐತೆ ಮೇಡಂ. ದಾವಣಗೆರೆ ಡಾಕ್ಟ್ರು ಮಾತ್ರೆ ಕೊಟ್ಟಾರೆ. ದಿನಾ ತಗೊಂಡ್ರೆ ಬರಂಗಿಲ್ಲ. ಮರೀತಾಳೆ, ಆವಾಗ ಬರ್ತೈತೆ. ಇದು ಮನೆಯೊಳಗಿನ ಮಾತು ಮೇಡಂ. ಮನೆಯೊಳಗೇ ಇರಲಿ.”

“ಆಯ್ತು” ಎಂದಳು ಮರಿಸೆಲ್.

ಅಂದಿನಿಂದ ಸಂಜೆ ಮಕ್ಕಳು ಹೋದ ಮೇಲೆ “ಮಾತ್ರೆ ಆಯ್ತಾ?” ಎಂದು ಕೇಳುವುದು ಅವಳ ಪಾಲಿಗೆ ಬಂತು. ರುಹೀನಾ ಮಾತ್ರೆ ನುಂಗಿ, ಬಾಯಿ ತೆಗೆದು ತೋರಿಸಿ, ನಾಲಿಗೆ ಚಾಚಿ ಅಣಕಿಸುತ್ತಿದ್ದಳು. ಮೊದಲು ‘ಮೇಡಂ’ ಎನ್ನುತ್ತಿದ್ದವಳು ‘ಆಪಾ’ ಎಂದು ಕರೆಯತೊಡಗಿದಳು, ಅಂದರೆ ಅಕ್ಕ. ಬಿಸ್ಮಿಲ್ಲಾಳಿಗೂ ಖಾಜಾಸಾಬ್‌ನಿಗೂ ಮಾತ್ರ ಅವಳು ಮೇಡಂ ಆಗಿಯೇ ಉಳಿದಳು. ತಟ್ಟೆಗೆ ಮೊದಲು ಬಡಿಸುವುದು ಅವಳಿಗೆ, ಫ್ಯಾನಿನ ಕೆಳಗೆ ಜಾಗ ಅವಳಿಗೆ.

ಚಳಿಗಾಲದ ಹೊತ್ತಿಗೆ ರುಹೀನಾಳಿಗೆ ನ್ಯಾಮತಿಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ತೌಸಿಫ್. ನ್ಯಾಮತಿಯಲ್ಲಿ ಬೈಕುಗಳ ಸೀಟು ಹೊಲಿದುಕೊಡುವ ಅಂಗಡಿ. ಫೋಟೋ ನೋಡಿ ಎರಡೂ ಕಡೆ ಒಪ್ಪಿಗೆಯಾಗಿತ್ತು. ಹುಡುಗ ಹುಡುಗಿ ಆಗೀಗ ಫೋನಿನಲ್ಲಿ ಮಾತಾಡುತ್ತಿದ್ದರು. ಮೀನು ಒಣಗುವ ಅಟ್ಟದ ಮರೆಯಲ್ಲಿ ನಿಂತು, ಕಾಗೆ ಓಡಿಸುವ ಕೋಲು ಕೈಯಲ್ಲಿ ಹಿಡಿದು, ರುಹೀನಾ ಮೆಲ್ಲಗೆ ನಗುತ್ತ ಮಾತಾಡುವುದನ್ನು ಮರಿಸೆಲ್ ನೋಡಿದ್ದಳು. ಇನ್ನು ಹುಡುಗನ ಮನೆಯ ಹೆಂಗಸರು ಬಂದು ಹುಡುಗಿಯನ್ನು ನೋಡಿಹೋದರೆ ದಿನ ಗೊತ್ತು ಮಾಡುವುದು ಎಂದಾಗಿತ್ತು.

ಅವರು ಒಂದು ಭಾನುವಾರ ಬಂದರು. ತೌಸಿಫ್‌ನ ತಾಯಿ, ಅವನ ಅಕ್ಕ ಶಾಯಿಸ್ತಾ, ಜೊತೆಗೆ ಒಬ್ಬ ಚಿಕ್ಕಮ್ಮ. ಬಿಸ್ಮಿಲ್ಲಾ ಸಮೋಸ ಕರಿದು, ಶಾವಿಗೆ ಪಾಯಸ ಮಾಡಿದ್ದಳು. ರುಹೀನಾ ಹಸಿರು ಚೂಡಿದಾರ ತೊಟ್ಟು, ತಲೆ ಮೇಲೆ ದುಪಟ್ಟಾ ಹೊದ್ದು, ಗೋಡೆಗೆ ಒರಗಿ ಕೂತಿದ್ದಳು. ಮರಿಸೆಲ್ ತನ್ನ ಕೋಣೆಯಲ್ಲೇ ಇರಬೇಕೆಂದುಕೊಂಡಿದ್ದಳು. ಬಿಸ್ಮಿಲ್ಲಾ ಬಂದು ಕರೆದಳು.

“ಬರ್ರಿ ಮೇಡಂ. ಅವರು ನಿಮ್ಮನ್ನ ನೋಡ್ಬೇಕಂತೆ. ಸ್ವಲ್ಪ ಕನ್ನಡ ಮಾತಾಡ್ರಿ, ಖುಷಿ ಆಗ್ತೈತೆ ಅವರಿಗೆ.”

ಮರಿಸೆಲ್ ಹೋಗಿ ಕೂತಳು. ಬಂದ ಹೆಂಗಸರು ಅವಳನ್ನು ಕುತೂಹಲದಿಂದ ನೋಡಿದರು. ನಿಮ್ಮ ದೇಶ ಎಲ್ಲೈತೆ, ಅಲ್ಲೂ ಅನ್ನ ತಿಂತಾರಾ, ತಾಯಿ ಬಿಟ್ಟು ಹೆಂಗಿದೀರಿ ಎಂದೆಲ್ಲ ಕೇಳಿದರು. ಅವಳು ಉತ್ತರ ಕೊಡುತ್ತ ಹೋದಂತೆ ಅವರ ಮುಖಗಳು ಅರಳಿದವು.

“ನಮ್ಮ ಊರಲ್ಲಿ ಅಕ್ಕನಿಗೆ ‘ಆತೆ’ ಅಂತಾರೆ” ಎಂದಳು ಮರಿಸೆಲ್. “ನಾನು ಇಲ್ಲಿ ಬಂದು ಎಲ್ಲಾ ಹೆಂಗಸರಿಗೆ ‘ಆತೆ, ಆತೆ’ ಅಂದೆ. ಅವರು, ಈ ಹುಡುಗಿ ನಮ್ಮ ಮಗನ್ನ ಮದುವೆ ಆಗ್ತಾಳಾ ಅಂತ ಹೆದರಿದ್ರು.”

ಹೆಂಗಸರು ಬಿದ್ದುಬಿದ್ದು ನಕ್ಕರು. ತೌಸಿಫ್‌ನ ತಾಯಿ ಕಣ್ಣೊರೆಸಿಕೊಳ್ಳುತ್ತ ರುಹೀನಾಳ ಕಡೆ ತಿರುಗಿ, “ಈಗ ಅತ್ತೆ ಅಂತ ಕರೆಯೋಳು ಇವಳು ನೋಡ್ರಿ” ಎಂದಳು. ರುಹೀನಾ ತಲೆ ತಗ್ಗಿಸಿ ಮುಗುಳ್ನಕ್ಕಳು. ಬಿಸ್ಮಿಲ್ಲಾಳ ಮುಖ ಬೆಳಗುತ್ತಿತ್ತು.

“ನಮ್ಮ ರುಹೀನಾ ನಿಮ್ಮನ್ನ ಚೆನ್ನಾಗಿ ನೋಡ್ಕೊಂತಾಳಾ?” ಎಂದು ಕೇಳಿದಳು ಶಾಯಿಸ್ತಾ. ‘ನಮ್ಮ’ ಎಂದೇ ಹೇಳಿದಳು.

ಮರಿಸೆಲ್‌ಗೆ ಇನ್ನೊಂದು ನಗು ಬೇಕಾಗಿತ್ತು. “ಅವಳು ನನ್ನ ನೋಡ್ತಾಳೆ, ನಾನು ಅವಳ್ನ ನೋಡ್ತೀನಿ” ಎಂದಳು. “ನಾನು ಪೊಲೀಸ್. ಸಾಯಂಕಾಲ ಮಾತ್ರೆ ಮರೀತಾಳೆ. ಬಾಯಿ ತೆಗಿ, ತೋರಿಸು ಅಂತೀನಿ. ಅದಕ್ಕೇ ಈಗ ಫಿಟ್ಸ್ ಇಲ್ಲ. ನಾನು ಬಂದ ಮೇಲೆ ಒಂದೇ ಸಲ ಬಂತು.”

ಯಾರೂ ನಗಲಿಲ್ಲ.

ಮಾತು ಬಾಯಿಂದ ಹೊರಟ ಮೇಲೆ ಮರಿಸೆಲ್ ಅದನ್ನು ತಾನೇ ಕೇಳಿಸಿಕೊಂಡಳು. ಶಾಯಿಸ್ತಾ ಚಹಾದ ಕಪ್ಪನ್ನು ಕೆಳಗಿಟ್ಟಳು. ಚಿಕ್ಕಮ್ಮ ತೌಸಿಫ್‌ನ ತಾಯಿಯ ಕಡೆ ನೋಡಿದಳು. ಬಿಸ್ಮಿಲ್ಲಾ ಸಮೋಸದ ತಟ್ಟೆ ಹಿಡಿದುಕೊಂಡು ಹಾಗೆಯೇ ನಿಂತಿದ್ದಳು.

“ಯಾವ ಮಾತ್ರೆ?” ಎಂದಳು ಶಾಯಿಸ್ತಾ.

“ವಿಟಮಿನ್” ಎಂದಳು ಮರಿಸೆಲ್. ಆ ಸುಳ್ಳು ಎಷ್ಟು ತೆಳುವಾಗಿತ್ತೆಂದರೆ, ಅದನ್ನು ನಂಬಿದಂತೆ ನಟಿಸಲು ಕೂಡ ಯಾರಿಗೂ ಆಗಲಿಲ್ಲ.

ಬಂದವರು ಒಳ್ಳೆಯ ಜನ. ದಡಬಡ ಎದ್ದು ಹೋಗಲಿಲ್ಲ. ಪಾಯಸ ತಿಂದರು. ರುಹೀನಾ ಹೊಲಿದ ಬ್ಲೌಸು ನೋಡಿ ಚೆನ್ನಾಗೈತೆ ಎಂದರು. ಹೊರಡುವಾಗ ಬಿಸ್ಮಿಲ್ಲಾಳ ಕೈ ಹಿಡಿದು, “ಫೋನ್ ಮಾಡ್ತೀವಿ” ಎಂದರು. ಅವರ ಕಾರು ಏರಿಯ ಮೇಲೆ ಹೋಗಿ ತಿರುಗುವವರೆಗೂ ಬಿಸ್ಮಿಲ್ಲಾ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಬಂದು ಕಪ್ಪುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಮರಿಸೆಲ್ ಹಿಂದೆಯೇ ಹೋಗಿ, “ನಾನು ತೊಳೀತೀನಿ” ಎಂದು ಕೈ ಚಾಚಿದಳು.

“ಬ್ಯಾಡ ಮೇಡಂ. ನೀವು ಹೋಗಿ ಕುಂದರ್ರಿ” ಎಂದಳು ಬಿಸ್ಮಿಲ್ಲಾ.

ಫೋನ್ ಬರಲಿಲ್ಲ. ಮನೆಯಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ತಡೆದುಕೊಳ್ಳಬಹುದಿತ್ತು. ಖಾಜಾಸಾಬ್ ಮೊದಲಿಗಿಂತಲೂ ಹೆಚ್ಚು ಮರ್ಯಾದೆಯಿಂದ “ಊಟ ಮಾಡ್ರಿ ಮೇಡಂ” ಎನ್ನುತ್ತಿದ್ದ. ಬಿಸ್ಮಿಲ್ಲಾ ಸಾರಿನಲ್ಲಿ ಮೀನಿನ ದೊಡ್ಡ ಹೋಳನ್ನೇ ಆರಿಸಿ ಅವಳಿಗೆ ಹಾಕುತ್ತಿದ್ದಳು. ಅವಳು ತಟ್ಟೆ ಖಾಲಿ ಮಾಡುವವರೆಗೆ ಯಾರೂ ಏಳುತ್ತಿರಲಿಲ್ಲ. ರುಹೀನಾ ಮಾತ್ರೆಯನ್ನು ತಾನೇ ತೆಗೆದುಕೊಳ್ಳುತ್ತಿದ್ದಳು, ಮರಿಸೆಲ್ ಕೇಳುವ ಮೊದಲೇ, ಅಡುಗೆಮನೆಯಲ್ಲಿ, ಬೆನ್ನು ಮಾಡಿ.

ಮಾತು ನ್ಯಾಮತಿಯಲ್ಲಿ ನಿಲ್ಲಲಿಲ್ಲ. ಬಂದಿದ್ದ ಚಿಕ್ಕಮ್ಮನ ನೆಂಟರು ಸೂಳೆಕೆರೆಯ ಸುತ್ತಲೂ ಇದ್ದರು. ಒಂದು ವಾರ ಕಳೆಯುವುದರೊಳಗೆ ಶಿವಗಂಗಮ್ಮ ಅಟ್ಟದ ಮೇಲೆ ಮೀನು ಹರವುತ್ತ, ಬೇರೆಯವರಿಗೆ ಕೇಳದಂತೆ ಮರಿಸೆಲ್‌ಳನ್ನು ಕೇಳಿದಳು: “ಬಿಸ್ಮಿಲ್ಲಾನ ಮಗಳಿಗೆ ಮೂರ್ಛೆ ಬರ್ತೈತಂತೆ, ಹೌದೇನ್ರಿ? ನೀವೇ ಹೇಳಿದ್ರಂತೆ.”

ಮರಿಸೆಲ್ ಉತ್ತರ ಕೊಡದೆ ಮೀನು ತಿರುವಿಹಾಕಿದಳು. ಉತ್ತರ ಕೊಡದಿರುವುದೂ ಹೌದು ಎಂದಂತೆಯೇ ಎಂದು ಅವಳಿಗೆ ಗೊತ್ತಿತ್ತು.

ಸಾಯಂಕಾಲ ಚಾಪೆಯ ಮೇಲೆ ಕೂರುವ ಮಕ್ಕಳು ಕಡಿಮೆಯಾದರು. ಒಬ್ಬಳ ಮಗುವಿಗೆ ನೆಗಡಿ, ಇನ್ನೊಬ್ಬಳ ಮಗು ಅಜ್ಜಿಯ ಮನೆಗೆ. ಆಮೇಲೆ ನೆಪಗಳೂ ನಿಂತವು, ಮಕ್ಕಳೂ ನಿಂತರು. ರುಹೀನಾ ಆ ಹೊತ್ತಿಗೆ ಚಾಪೆ ಹಾಸುತ್ತಿದ್ದಳು. ಸ್ವಲ್ಪ ಹೊತ್ತು ಕಾದು, ಸುತ್ತಿ, ಮೂಲೆಗಿಡುತ್ತಿದ್ದಳು.

ಮರಿಸೆಲ್ ಚನ್ನಗಿರಿಗೆ ಹೋಗಿ ರೂಪಶ್ರೀಗೆ ಎಲ್ಲವನ್ನೂ ಹೇಳಿದಳು. ರೂಪಶ್ರೀ, “ನಿಮಗೆ ಇಲ್ಲಿ ಕಷ್ಟ ಆಗ್ತಿದ್ರೆ ಜಗಳೂರು ಕಡೆ ಕಳಿಸಬಹುದು. ಬಿಳಿಚೋಡಿನಲ್ಲಿ ಕುರಿ ಸಾಕೋ ಹೆಂಗಸರ ಸಂಘ ಐತೆ. ಅಲ್ಲಿಗೂ ಒಬ್ರು ಬೇಕು ಅಂತಿದಾರೆ” ಎಂದಳು. ಅಲ್ಲಿ ಕೆರೆ ಇಲ್ಲ, ಮೀನಿಲ್ಲ, ತನ್ನ ಗುರುತು ಯಾರಿಗೂ ಇಲ್ಲ ಎಂದು ಯೋಚಿಸಿದಾಗ ಮರಿಸೆಲ್‌ಗೆ ಎದೆ ಹಗುರವಾಯಿತು. ಹಗುರವಾಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು. ಆದರೂ ಹೂಂ ಎಂದೇ ಬಂದಳು.

ಹೋಗುವ ಮೊದಲು ತಾನು ಕೆಡಿಸಿದ್ದನ್ನು ಸರಿಮಾಡಬೇಕು ಎಂದು ಅವಳಿಗೆ ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಸಂಘದ ಕೆಲಸವೆಂದು ಹೇಳಿ ಹೊರಟು, ಚನ್ನಗಿರಿಗೆ ಬಂದು, ಹೊನ್ನಾಳಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ನನ್ನ ಕನ್ನಡ ಸರಿ ಇಲ್ಲ. ಶಬ್ದ ತಪ್ಪಿತು. ಬೇರೆ ಏನೋ ಹೇಳಲು ಹೋಗಿ ಅದನ್ನು ಹೇಳಿದೆ. ಹುಡುಗಿ ಆರೋಗ್ಯವಾಗಿದ್ದಾಳೆ. ಹೊನ್ನಾಳಿಯಲ್ಲಿ ಇಳಿದು ನ್ಯಾಮತಿಯ ಬಸ್ಸಿಗೆ ಕಾಯುವಾಗ ಒಬ್ಬ ಮುದುಕ ಯಾವ ಊರಾಯ್ತಮ್ಮ ಎಂದು ಕೇಳಿದ. ಅವಳು ಕನ್ನಡ ಬಾರದವಳಂತೆ ತಲೆಯಾಡಿಸಿದಳು. ಅಭ್ಯಾಸ ಮಾಡಿಕೊಳ್ಳುತ್ತಿದ್ದಳು.

ತೌಸಿಫ್‌ನ ಮನೆ ಸಿಗುವುದು ಕಷ್ಟವಾಗಲಿಲ್ಲ. ಸೀಟಿನ ಅಂಗಡಿ ಎಂದರೆ ಎಲ್ಲರಿಗೂ ಗೊತ್ತಿತ್ತು. ಅಂಗಡಿಯ ಹಿಂದೆಯೇ ಮನೆ. ಶಾಯಿಸ್ತಾ ಬಾಗಿಲು ತೆಗೆದು, ಬೆರಗಾಗಿ, ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು.

ಮರಿಸೆಲ್ ಜೋಡಿಸಿಕೊಂಡದ್ದನ್ನು ಹೇಳಿದಳು. ಬೇಕೆಂದೇ ತಡವರಿಸಿದಳು. ಬರುವ ಮಾತನ್ನೂ ಬಾರದಂತೆ ಮಾಡಿ, ಕೈಸನ್ನೆ ಮಾಡಿ, ‘ನಾನು ಕನ್ನಡ ಇಲ್ಲ’ ಎಂದಳು. ‘ತಪ್ಪು ಮಾತು, ತಪ್ಪು ಮಾತು’ ಎಂದಳು. ತಿಂಗಳುಗಟ್ಟಲೆ ಕಲಿತ ಭಾಷೆಯನ್ನು ಕೈಯಾರೆ ಮುರಿದು ಮುರಿದು ಅವರ ಮುಂದೆ ಹರವಿದಳು.

ಶಾಯಿಸ್ತಾ ಪೂರ್ತಿ ಕೇಳಿದಳು. ಕೋಪ ಮಾಡಿಕೊಳ್ಳಲಿಲ್ಲ.

“ಅವತ್ತು ಎಷ್ಟು ಚೆನ್ನಾಗಿ ಮಾತಾಡಿದ್ರಿ ಮೇಡಂ. ಅಮ್ಮಿ ಈಗಲೂ ಹೇಳ್ತಿರ್ತಾರೆ” ಎಂದಳು. “ಇವತ್ತು ಎಲ್ಲಿ ಹೋಯ್ತು ನಿಮ್ಮ ಕನ್ನಡ?”

ಮರಿಸೆಲ್ ಚಾಚಿದ್ದ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

“ಅವರೇ ಕಳಿಸಿದ್ರಾ ನಿಮ್ಮನ್ನ?”

“ಇಲ್ಲ. ಅವರಿಗೆ ಗೊತ್ತಿಲ್ಲ.” ಈ ಮಾತು ತೊಡಕಿಲ್ಲದೆ ಬಂತು. ಅದು ನಿಜವಾಗಿತ್ತು. ಆದರೆ ಈಗ ಅದನ್ನು ಯಾರು ನಂಬುತ್ತಾರೆ ಎಂದು ಅವಳಿಗೇ ಹೊಳೆಯಿತು.

“ನೋಡ್ರಿ” ಎಂದಳು ಶಾಯಿಸ್ತಾ. “ಕಾಯಿಲೆ ಯಾರಿಗೆ ಬರಂಗಿಲ್ಲ? ಅದನ್ನ ಹೇಳಿದ್ರೆ ಕುಂತು ವಿಚಾರ ಮಾಡ್ತಿದ್ವಿ. ಮುಚ್ಚಿಟ್ರು. ಈಗ ಸುಳ್ಳು ಹೇಳಾಕೆ ದೂರದಿಂದ ಬಂದ ನಿಮ್ಮನ್ನ ಕಳಿಸಿದಾರೆ. ಇನ್ನು ಮಾತು ಮುಂದುವರಿಸೋದು ಹೆಂಗೆ ಹೇಳ್ರಿ.”

ಮರಿಸೆಲ್ ಮತ್ತೆ ಹೇಳಿದಳು, ತಾನಾಗಿಯೇ ಬಂದೆ ಎಂದು. ಶಾಯಿಸ್ತಾ ಹೌದೆಂಬಂತೆ ತಲೆಯಾಡಿಸಿ ಚಹಾಕ್ಕೆ ನೀರಿಡಲು ಎದ್ದಳು. ಮರಿಸೆಲ್ ಚಹಾ ಬೇಡವೆಂದು ಹೊರಟಳು.

ಬಸ್ ನಿಲ್ದಾಣದ ಅರ್ಧ ದಾರಿಗೆ ಒಬ್ಬ ಯುವಕ ಹಿಂದಿನಿಂದ ಬಂದು ಪಕ್ಕದಲ್ಲಿ ನಡೆಯತೊಡಗಿದ. ತೌಸಿಫ್. ಫೋಟೋದಲ್ಲಿ ನೋಡಿದ್ದಳು. ಅಂಗಡಿಯ ಅಂಟು ಅವನ ಬೆರಳಿಗೆ ಮೆತ್ತಿಕೊಂಡಿತ್ತು. ಅದನ್ನು ಉಜ್ಜುತ್ತಲೇ ಮಾತಾಡಿದ.

“ರುಹೀನಾ, ಎದುರುಬದುರು ಸಿಕ್ಕಾಗ ಒಂದು ವಿಷಯ ಹೇಳೋದೈತೆ ಅಂತಿದ್ಲು. ಫೋನಲ್ಲಿ ಆಗಲ್ಲ, ಎದುರಿಗೇ ಹೇಳ್ಬೇಕು, ಕೇಳಿದ ಮೇಲೆ ನೀವು ಬೇಕಾದ್ರೆ ಬ್ಯಾಡ ಅನ್ರಿ ಅಂತಿದ್ಲು. ಇದೇ ಇರ್ಬೇಕು.”

“ನಿಮ್ಮ ಅಕ್ಕನಿಗೆ ಹೇಳ್ರಿ ಅದನ್ನ” ಎಂದಳು ಮರಿಸೆಲ್.

ಅವನು ಬೆರಳು ಉಜ್ಜಿದ. “ಹೇಳಿದೆ. ಅಮ್ಮಿ ಬ್ಯಾಡ ಅಂದ್ಬಿಟ್ರು. ನಾನು… ಅಷ್ಟೇ ಹೇಳಿ ಸುಮ್ನಾದೆ.” ಬಸ್ಸು ಬರುವುದು ಕಂಡಿತು. “ನಿಮ್ಮದೇನೂ ತಪ್ಪಿಲ್ಲ ಮೇಡಂ” ಎಂದು ಹೇಳಿ ತಿರುಗಿ ಹೋದ. ಅವಳ ಮುಖ ನೋಡಲಿಲ್ಲ. ತನ್ನಂತೆಯೇ ಅವನಿಗೂ ಮುಖ ತೋರಿಸಲಾಗುತ್ತಿಲ್ಲ ಎಂದು ಮರಿಸೆಲ್‌ಗೆ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಅವಳು ಹಳ್ಳಿಗೆ ಮರಳುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ನ್ಯಾಮತಿಯ ಫೋನು ಅವಳಿಗಿಂತ ಮೊದಲೇ ಬಂದಿತ್ತು. ಬಿಸ್ಮಿಲ್ಲಾ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತಿದ್ದಳು. ಮರಿಸೆಲ್‌ಳನ್ನು ಕಂಡೊಡನೆ ಎದ್ದಳು.

“ಎಲ್ಲಿಗೆ ಹೋಗಿದ್ದೆ ನೀನು?”

ಮರಿಸೆಲ್ ನಿಂತಲ್ಲೇ ನಿಂತಳು. ಬಿಸ್ಮಿಲ್ಲಾ ಅವಳನ್ನು ‘ನೀನು’ ಎಂದದ್ದು ಅದೇ ಮೊದಲು.

“ನಿಂಗೆ ಯಾರು ಹೇಳಿದ್ರು ಹೋಗಾಕೆ? ನಾನು ಹೇಳಿದ್ನಾ? ಇವಳ ಅಬ್ಬಾ ಹೇಳಿದ್ರಾ? ಸುಳ್ಳು ಹೇಳಾಕೆ ಕಳಿಸಿದಾರೆ ಅಂತ ಫೋನ್ ಮಾಡಿ ಕೇಳ್ತಾರೆ, ನಾನೇನು ಹೇಳ್ಲಿ? ಒಂದ್ಸಲ ಬಾಯಿ ಬಿಟ್ಟಿದ್ದು ಸಾಲ್ದು ಅಂತ ಮತ್ತೆ ಹೋಗಿದೀಯಾ? ತಿಂಗಳುಗಟ್ಟಲೆ ನನ್ನ ಮನೇಲಿ ಉಂಡು, ನನ್ನ ಮಗಳ ಬಾಯಿಂದ ಆಪಾ ಅನ್ನಿಸ್ಕೊಂಡು, ಒಂದು ಮಾತು ಹೊಟ್ಟೇಲಿ ಇಟ್ಕೊಳಾಕೆ ಆಗ್ಲಿಲ್ವಾ ನಿಂಗೆ?”

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಮರಿಸೆಲ್ ತಲೆ ತಗ್ಗಿಸಿ ನಿಂತಳು. ಬಿಸ್ಮಿಲ್ಲಾ ಕನ್ನಡದಿಂದ ಉರ್ದುವಿಗೆ ಹೋದಳು, ಉರ್ದುವಿನಿಂದ ಮತ್ತೆ ಕನ್ನಡಕ್ಕೆ ಬಂದಳು. ಖಾಜಾಸಾಬ್ ಒಳಗಿನಿಂದ ಬಂದು “ಬಸ್ ಕರೋ” ಎಂದರೂ ನಿಲ್ಲಿಸಲಿಲ್ಲ. ಕೊನೆಗೆ ದನಿ ಸೋತು ಕಲ್ಲಿನ ಮೇಲೆ ಕುಸಿದು, ಸೆರಗಿನಿಂದ ಮುಖ ಒರೆಸಿಕೊಂಡಳು.

“ನಾನೇ ಕರೆದು ಕುಂದ್ರಿಸಿದೆ” ಎಂದಳು, ಯಾರಿಗೂ ಅಲ್ಲದಂತೆ. “ನಮ್ಮ ಮನೇಲಿ ಫಾರಿನ್ ಮೇಡಂ ಅದಾರೆ ಅಂತ ತೋರಿಸ್ಬೇಕಿತ್ತು ನಂಗೆ.”

ಮರಿಸೆಲ್ ಒಳಗೆ ಹೋದಾಗ ರುಹೀನಾ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಮಿಷನ್ ನಡೆಯುತ್ತಿರಲಿಲ್ಲ. ಮರಿಸೆಲ್ ನೆಲದ ಮೇಲೆ ಕೂತಳು.

“ತೌಸಿಫ್ ಸಿಕ್ಕಿದ. ನೀನೇ ಹೇಳ್ತೀನಿ ಅಂದಿದ್ದೆ ಅಂತ ಹೇಳಿದ.”

“ಹೇಳೋಳಿದ್ದೆ” ಎಂದಳು ರುಹೀನಾ. “ಅಮ್ಮಿಗೆ ಗೊತ್ತಿಲ್ಲ ಅದು. ಮುಚ್ಚಿಡು ಅಂತಾರೆ ಅವರು. ನಾನು ಎಷ್ಟು ದಿನದಿಂದ ಹೆಂಗೆ ಹೇಳ್ಬೇಕು, ಮೊದಲು ಏನು ಹೇಳ್ಬೇಕು ಅಂತ ಯೋಚ್ನೆ ಮಾಡಿ ಇಟ್ಕೊಂಡಿದ್ದೆ ಆಪಾ. ಕೇಳಿ ಬ್ಯಾಡ ಅಂದಿದ್ರೂ ಪರವಾಗಿಲ್ಲ, ಆ ಮಾತು ನನ್ನ ಬಾಯಿಂದ ಬಂದಿರ್ತಿತ್ತು. ಅದು ನಂದು. ನೀವು ಅದನ್ನ ನಗಿಸಾಕೆ ಹೇಳಿಬಿಟ್ರಿ.”

“ನಿಮ್ಮ ಅಮ್ಮಿ ಮನೆಯೊಳಗಿನ ಮಾತು ಅಂದಿದ್ರು” ಎಂದಳು ಮರಿಸೆಲ್. “ಮನೆಯೊಳಗೆ ಮಾತಾಡಬಹುದು ಅಂತ ನಾನು ತಿಳಿದೆ. ಅವರು ಮನೆಯೊಳಗೇ ಕೂತಿದ್ರಲ್ಲ. ನಂಗೆ ಭಾಷೆ…”

ರುಹೀನಾ ಅವಳನ್ನು ನೋಡಿದಳು. ಆ ಭಾನುವಾರದ ನಂತರ ನೇರವಾಗಿ ನೋಡಿದ್ದು ಈಗಲೇ.

“ನಿಮ್ಗೆ ಗೊತ್ತಿತ್ತು ಆಪಾ.”

ಹೊರಗೆ ಯಾರದೋ ಕುರಿಮಂದೆ ಓಣಿಯಲ್ಲಿ ಹಾದುಹೋಯಿತು. ಮರಿಸೆಲ್ ನೆಲದ ಮೇಲೆ ಬಿದ್ದಿದ್ದ ದಾರದ ತುಂಡೊಂದನ್ನು ಹೆಕ್ಕಿಕೊಂಡಳು.

“ಹೌದು. ಗೊತ್ತಿತ್ತು” ಎಂದಳು. “ಅವರು ನಗ್ತಿದ್ರು. ಇನ್ನೊಂದು ಸಲ ನಗ್ಲಿ ಅಂತ ಹೇಳ್ದೆ.”

ರುಹೀನಾ ಕ್ಷಮಿಸಿದೆ ಎಂದು ಹೇಳಲಿಲ್ಲ. “ಜಗಳೂರು ಕಡೆ ಹೋಗ್ತೀರಂತೆ. ಶಿವಗಂಗಮ್ಮ ಹೇಳಿದ್ರು” ಎಂದಳು.

“ಹೋಗ್ಬೇಕು ಅಂದ್ಕೊಂಡೆ. ನಿಮಗೆ ನನ್ನ ಮುಖ ನೋಡಾಕೆ ಕಷ್ಟ.”

“ನಮಗೆ ಕಷ್ಟ ಅಂತಲ್ಲ, ನಿಮಗೆ ಸುಲಭ ಅಂತ” ಎಂದಳು ರುಹೀನಾ. “ನನಗೆ ಹೋಗಾಕೆ ಬ್ಯಾರೆ ಊರಿಲ್ಲ. ಇಲ್ಲೇ ಇರ್ಬೇಕು, ಇದೇ ಓಣಿಯಲ್ಲಿ ಓಡಾಡ್ಬೇಕು. ನೀವು ಹೋದ್ರೆ, ಆ ಮೇಡಂ ಹೇಳಿದ್ದು ನಿಜ, ಅದಕ್ಕೇ ಓಡಿಸಿದ್ರು ಅಂತಾರೆ.”

ಮರಿಸೆಲ್ ಮಾರನೆಯ ದಿನ ರೂಪಶ್ರೀಗೆ ಫೋನ್ ಮಾಡಿ ಬಿಳಿಚೋಡಿಗೆ ಬರುವುದಿಲ್ಲ ಎಂದಳು. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಭಾವನೆ ಅವಳಿಗಿರಲಿಲ್ಲ. ಓಣಿಯಲ್ಲಿ ನಡೆಯುವಾಗ ಬೆನ್ನ ಹಿಂದೆ ದನಿ ತಗ್ಗುತ್ತಿತ್ತು. ಅಂಗಡಿಯಲ್ಲಿ ಹೊಸ ಶಬ್ದವೊಂದು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡು, ಬೇಕಾದ ವಸ್ತುವಿನ ಹೆಸರಷ್ಟೇ ಹೇಳಿ ಬರುತ್ತಿದ್ದಳು.

ರಂಜಾನ್ ಹತ್ತಿರ ಬರುತ್ತಿದ್ದಂತೆ ಒಂದು ಸಾಯಂಕಾಲ ರುಹೀನಾ ಬುರ್ಖಾ ಹಾಕಿಕೊಂಡು ಹೊರಟು ನಿಂತಳು. “ಆ ಮಕ್ಕಳ ತಾಯಂದಿರ ಹತ್ರ ಹೋಗಿ ಬರ್ತೀನಿ. ನೀವೂ ಬರ್ರಿ” ಎಂದಳು ಮರಿಸೆಲ್‌ಗೆ. ಹೊಸ್ತಿಲು ದಾಟುವಾಗ, “ನೀವು ಮಾತಾಡ್ಬಾರ್ದು” ಎಂದೂ ಸೇರಿಸಿದಳು. ಬಿಸ್ಮಿಲ್ಲಾ ಬೇಡವೆನ್ನಲು ಬಾಯಿ ತೆರೆದು, ಮಗಳ ಮುಖ ನೋಡಿ, ಒಳಗೆ ಹೋದಳು.

ಮನೆಮನೆಗೆ ಹೋದರು. ರುಹೀನಾ ಎಲ್ಲ ಕಡೆ ಒಂದೇ ರೀತಿ ಹೇಳಿದಳು.

“ನಂಗೆ ಫಿಟ್ಸ್ ಐತೆ. ಸಣ್ಣವಳಿದ್ದಾಗಿಂದ ಐತೆ. ಮಾತ್ರೆ ತಗೊಂತೀನಿ, ಅದಕ್ಕೆ ಅಪರೂಪಕ್ಕೆ ಬರ್ತೈತೆ. ಮುಟ್ಟಿದ್ರೆ ಅಂಟೋದಲ್ಲ. ಮಕ್ಕಳ ಮುಂದೆ ಯಾವತ್ತೂ ಬಂದಿಲ್ಲ. ಬಂದ್ರೆ ಅಮ್ಮಿ ಮನೇಲೇ ಇರ್ತಾರೆ. ಕಳಿಸೋದು ಬಿಡೋದು ನಿಮ್ಮಿಷ್ಟ. ನನ್ನ ಬಾಯಿಂದ ಕೇಳ್ಲಿ ಅಂತ ಬಂದೆ.”

ಕೆಲವರು ಕೂರಿಸಿ ನೀರು ಕೊಟ್ಟರು. ಒಬ್ಬಾಕೆ ತನ್ನ ಅಣ್ಣನಿಗೂ ಇದೆ ಎಂದು, ಬಾಗಿಲ ಹಿಂದೆ ಕರೆದು, ಪಿಸುಗುಟ್ಟಿದಳು. ಇನ್ನೊಬ್ಬಾಕೆ ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿ, ನೋಡ್ತೀನಿ ಎಂದು ಒಳಗೆ ಹೋದಳು. ಓಣಿಯ ತುದಿಯ ಮನೆಯಲ್ಲಿ ಒಬ್ಬ ಮುದುಕಿ ರುಹೀನಾ ಹೇಳಿದ್ದನ್ನೆಲ್ಲ ಕೇಳಿ, ಆಮೇಲೆ ಅವಳನ್ನು ಬಿಟ್ಟು ಮರಿಸೆಲ್ ಕಡೆ ತಿರುಗಿದಳು.

“ಹೌದೇನ್ರಿ ಮೇಡಂ? ನೀವು ಕಣ್ಣಾರೆ ನೋಡಿದೀರಂತೆ. ಹೆಂಗಾಗ್ತೈತೆ ಅದು?”

ಮರಿಸೆಲ್ ರುಹೀನಾಳ ಕಡೆ ಕೈ ತೋರಿಸಿದಳು. “ರುಹೀನಾನ ಕೇಳ್ರಿ” ಎಂದು ಮಾತ್ರ ಹೇಳಿದಳು.

ಮುದುಕಿ ಮತ್ತೆ ರುಹೀನಾಳ ಕಡೆ ತಿರುಗಿದಳು. ರುಹೀನಾ ಹೇಳಿದಳು.

ಆಮೇಲೆ ಕೆಲವು ಮಕ್ಕಳು ಬಂದರು, ಕೆಲವರು ಬರಲಿಲ್ಲ. ಚಾಪೆ ಮೊದಲಿನಷ್ಟು ತುಂಬಲಿಲ್ಲ. ನ್ಯಾಮತಿಯ ಸಂಬಂಧ ಮತ್ತೆ ಬರಲಿಲ್ಲ. ತೌಸಿಫ್‌ನಿಗೆ ಹೊನ್ನಾಳಿ ಕಡೆಯ ಹುಡುಗಿ ಗೊತ್ತಾಯಿತು ಎಂದು ಯಾರೋ ಹೇಳಿದರು. ಆ ಸುದ್ದಿ ಬಂದ ದಿನ ರುಹೀನಾ ಮಿಷನ್ನನ್ನು ಎಂದಿಗಿಂತ ಜೋರಾಗಿ ತುಳಿದಳು, ಅಷ್ಟೆ. ಬಿಸ್ಮಿಲ್ಲಾ ಮರಿಸೆಲ್‌ಳನ್ನು ಈಗ ಮೀನು ಕೊಯ್ಯಲು, ನೀರು ತುಂಬಲು ಕೂಗಿ ಕರೆಯುತ್ತಾಳೆ. ತಪ್ಪಿದರೆ ಬೈಯುತ್ತಾಳೆ. ಮೀನಿನ ದೊಡ್ಡ ಹೋಳು ಯಾರಿಗೆ ಬಂದರೆ ಅವರಿಗೆ.

ಒಂದು ಬೆಳಿಗ್ಗೆ ಮರಿಸೆಲ್ ಚನ್ನಗಿರಿಗೆ ಹೊರಟಿದ್ದಳು. ರುಹೀನಾ ಮಿಷನ್ನಿನಿಂದ ತಲೆ ಎತ್ತದೆ, “ಕಪ್ಪು ದಾರ ಮುಗಿದೈತೆ, ಬರ್ತಾ ತಗೊಂಬರ್ರಿ ಆಪಾ” ಎಂದಳು. ಮರಿಸೆಲ್ ಹೂಂ ಎಂದಳು. ಆ ಭಾನುವಾರದ ನಂತರ ರುಹೀನಾ ಅವಳಿಗೆ ಏನನ್ನಾದರೂ ತರಲು ಹೇಳಿದ್ದು ಇದೇ ಮೊದಲು. ಏರಿಯ ಮೇಲೆ ಬಸ್ಸಿಗೆ ಕಾಯುತ್ತ ನಿಂತಾಗ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಹೆಂಗಸು ಯಾಕ್ರೀ, ಏನಾಯ್ತು ಎಂದು ಕೇಳಿದಳು. ಮರಿಸೆಲ್ ಏನಿಲ್ಲ ಎಂದು, ಕೆರೆಯ ಕಡೆ ಮುಖ ತಿರುಗಿಸಿ ನಿಂತಳು.